ಮೂರು ಮಳೆಗಾಲ ಕಂಡ ನಮ್ಮ ಮನೆ ಸರ್ವರ್

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಟಾರ್ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ ನಮ್ಮ ಮನೆ. ಮಳೆ ಹಿಡಿದರೆ ಕರೆಂಟು, ನೆಟ್ ಎರಡೂ ಇರೋದಿಲ್ಲ. ಅಪ್ಪ ಕೂಡಿಟ್ಟ ಯಕ್ಷಗಾನದ ಕ್ಯಾಸೆಟ್, ಸಿಡಿಗಳು ಎರಡು ಟ್ರಂಕ್ ತುಂಬಾ ಇವೆ. ಅಜ್ಜಿ ಹಾಡಿದ ಶೋಭಾನೆಯ ಕ್ಯಾಸೆಟ್‌ಗೆ ಬೂಷ್ಟು ಹಿಡಿದಿದ್ದು ಕಂಡ ದಿನವೇ ಮನೆಯಲ್ಲೊಂದು ಸರ್ವರ್, ಅಂದರೆ ಹಾಡು-ವಿಡಿಯೊ ಎಲ್ಲ ಒಂದೇ ಕಡೆ ಕೂಡಿಟ್ಟು ಮನೆಯ ಟಿವಿ, ಮೊಬೈಲ್‌ಗೆ ಕೊಡುವ ಕಂಪ್ಯೂಟರ್, ಇಡೋಣ ಅಂದುಕೊಂಡೆ.

ಇದೇ ಕೆಲಸಕ್ಕೆ ರೆಡಿಮೇಡ್ ಸಿಗುವ ನಾಸ್ (ಡಿಸ್ಕ್ ಹಾಕಿ ನೆಟ್‌ವರ್ಕ್‌ಗೆ ಜೋಡಿಸುವ) ಪೆಟ್ಟಿಗೆ ದುಬಾರಿ ಅನಿಸಿತು. ಕೆಟ್ಟರೆ ಇಲ್ಲಿ ರಿಪೇರಿಯೂ ಕಷ್ಟ. ಅದಕ್ಕೇ ಆಫೀಸ್‌ನಲ್ಲಿ ಬಳಸಿದ ಹಳೆ ಡೆಸ್ಕ್‌ಟಾಪ್ ತಗೊಂಡೆ. ಇಂಟೆಲ್ ಎಂಟನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್. ಅದರ ಮೇಲೆ ಡಿಸ್ಕ್, ಫೈಲ್ ನೋಡಿಕೊಳ್ಳಲು ಓಪನ್‌ಮೀಡಿಯಾವಾಲ್ಟ್, ಸಿನಿಮಾ-ಹಾಡನ್ನು ಟಿವಿಯಲ್ಲಿ ಹುಡುಕಿ ನೋಡಲು ಜೆಲ್ಲಿಫಿನ್ ಅನ್ನುವ ಸಾಫ್ಟ್‌ವೇರ್. ಎರಡೂ ಉಚಿತ. ಮೊಬೈಲ್‌ನಲ್ಲಿ ತೆಗೆದ ಎಚ್‌ಇವಿಸಿ (ಹೊಸ ಬಗೆಯಲ್ಲಿ ಕುಗ್ಗಿಸಿದ) ವಿಡಿಯೊ ನಮ್ಮ ಹಳೇ ಟಿವಿಗೆ ಅರ್ಥ ಆಗೋದಿಲ್ಲ. ಅದನ್ನು ಪ್ರೊಸೆಸರ್ ಒಳಗಿನ ಕ್ವಿಕ್ ಸಿಂಕ್ ಅನ್ನುವ ವಿಡಿಯೊ ಭಾಗ, ವಿಡಿಯೊ ಓಡುವಾಗಲೇ ಟಿವಿಗೆ ತಿಳಿಯುವ ಬಗೆಗೆ ಬದಲಿಸಿ ಕೊಡುತ್ತದೆ. ಮನೆಗೆ ಇಷ್ಟು ಶಕ್ತಿ ಧಾರಾಳ ಸಾಕು, ಇದರ ಮೇಲೆ ಜಾಸ್ತಿ ಖರ್ಚು ಮಾಡಬೇಡಿ.

ಖರ್ಚು ಮಾಡಬೇಕಾದ್ದು ಕರೆಂಟಿನ ವಿಷಯಕ್ಕೆ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಸಾಕು ಅಂತ ನಾನೂ ಅಂದುಕೊಂಡಿದ್ದೆ. ಮೊದಲ ಜೂನ್‌ನಲ್ಲಿ ಒಂದೇ ಸಂಜೆ ಆರು ಸಲ ಕರೆಂಟ್ ಹೋಗಿ ಬಂತು, ಆರೂ ಸಲ ಸರ್ವರ್ ರೀಸ್ಟಾರ್ಟ್ ಆಯಿತು. ಇನ್ವರ್ಟರ್ ಹಿಡಿದುಕೊಳ್ಳುವ ಆ ಕ್ಷಣದ ತಡೆ ಕಂಪ್ಯೂಟರ್‌ಗೆ ಆಗೋದಿಲ್ಲ. ಈಗ ಇನ್ವರ್ಟರ್ ಆದಮೇಲೆ ಸಣ್ಣ ಯುಪಿಎಸ್ (ಕಂಪ್ಯೂಟರ್‌ಗೆ ಗೊತ್ತಾಗದಷ್ಟು ಬೇಗ ತನ್ನ ಬ್ಯಾಟರಿಗೆ ಬದಲಾಗುವ ಪೆಟ್ಟಿಗೆ), ಅದರಾಚೆ ಸರ್ವರ್. ಯುಪಿಎಸ್ ಕೊಳ್ಳುವಾಗ ಹಿಂದೆ ಯುಎಸ್‌ಬಿ ಕಿಂಡಿ ಇದೆಯಾ ನೋಡಿ. ಕಡಿಮೆ ಬೆಲೆಯ ಎಷ್ಟೋ ಯುಪಿಎಸ್‌ಗಳಲ್ಲಿ ಇರೋದಿಲ್ಲ. ಆ ವೈರ್ ಇದ್ದರೆ ಬ್ಯಾಟರಿ ಮುಗಿಯುತ್ತಾ ಬಂದಾಗ ಸರ್ವರ್‌ಗೆ ಸುದ್ದಿ ಹೋಗಿ, ಅದು ತಾನೇ ಸರಿಯಾಗಿ ಬಂದ್ ಆಗುತ್ತದೆ. ಇನ್ವರ್ಟರ್ ಸೈನ್ ವೇವ್, ಅಂದರೆ ಲೈನ್ ಕರೆಂಟಿನ ಹಾಗೆ ನಯವಾಗಿ ಏರಿಳಿಯುವ ಕರೆಂಟ್ ಕೊಡುವಂಥದ್ದು ಆಗಿರಬೇಕು. ಸ್ಕ್ವೇರ್ ವೇವ್ ಆದರೆ ಕೆಲವು ಯುಪಿಎಸ್ ಅದನ್ನು ಒಪ್ಪದೆ ಬ್ಯಾಟರಿಯಲ್ಲೇ ಓಡುತ್ತವೆ.

ಸಿಡಿಲಿಗೆ ಯುಪಿಎಸ್ ಅಡ್ಡ ಬರೋದಿಲ್ಲ. ಏಪ್ರಿಲ್-ಮೇನಲ್ಲಿ ಗುಡುಗು ಕೇಳಿದ ಕೂಡಲೇ ಬಂದ್ ಮಾಡಿ ಪ್ಲಗ್ ಕಿತ್ತಿಡುತ್ತೇವೆ. ಕೊಟ್ಟಿಗೆ ಕಡೆ ರೂಮಿಗೆ ತಾಮ್ರದ ಲ್ಯಾನ್ ಕೇಬಲ್ ಎಳೆಯದೆ ವೈಫೈಯಲ್ಲೇ ಸುಧಾರಿಸಿದ್ದೂ ಇದಕ್ಕೇ.

ಡಿಸ್ಕ್ ಎರಡು, 4 ಟಿಬಿಯವು, ಒಂದರ ನಕಲು ಇನ್ನೊಂದರಲ್ಲಿ. ಹಾಗಾಗಿ ಸಿಗುವ ಜಾಗವೂ 4 ಟಿಬಿ ಮಾತ್ರ. ಎರಡನೇ ಮಳೆಗಾಲದಲ್ಲಿ ಒಂದು ಡಿಸ್ಕ್ ಹಾಳಾಗುತ್ತಿದೆ ಅಂತ ಸರ್ವರ್ ಮೇಲ್ ಕಳಿಸಿತು. ನನಗೆ ಮೊದಲು ನೆನಪಾದದ್ದು ಅಜ್ಜಿಯ ಕ್ಯಾಸೆಟ್. ಒಮ್ಮೆ ಹೇಗೋ ಓಡಿಸಿ ಕಂಪ್ಯೂಟರ್‌ಗೆ ಹಾಕಿದ್ದೆ, ಎರಡನೇ ಸಲ ಟೇಪು ತುಂಡಾಗಿತ್ತು. ಅದರಲ್ಲಿ ಹಾಡಿನ ನಡುವೆ ಅಜ್ಜಿ ಕೆಮ್ಮಿ, "ಎಲ್ಲಿವರೆಗೆ ಹೇಳ್ದೆ ಮಾರಾಯ್ತಿ?" ಅಂತ ಅತ್ತೆಯನ್ನು ಕೇಳುತ್ತಾರೆ. ಹೊಸ ಡಿಸ್ಕ್ ಹಾಕಿದೆ, ಒಂದು ರಾತ್ರಿಯಲ್ಲಿ ನಕಲು ಪೂರ್ತಿ ಆಯಿತು, ಏನೂ ಹೋಗಲಿಲ್ಲ. ಆದರೆ ವಾರಂಟಿ ಸಿಗಲಿಲ್ಲ. ಬಿಲ್‌ನಲ್ಲಿದ್ದ ಸೀರಿಯಲ್ ನಂಬರ್ ಬೇರೆ, ಡಿಸ್ಕ್ ಮೇಲಿದ್ದದ್ದು ಬೇರೆ ಅಂತ ಮಾರಿದವರು ಕೈ ತೊಳೆದುಕೊಂಡರು. ಇವತ್ತಿಗೂ ಬೇಜಾರಿದೆ. ಅಂಗಡಿಯಲ್ಲೇ ಎರಡನ್ನೂ ತಾಳೆ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ.

ಎರಡು ಡಿಸ್ಕ್ ಇದ್ದ ಮಾತ್ರಕ್ಕೆ ಬ್ಯಾಕಪ್ ಆಗೋದಿಲ್ಲ, ತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ಅದಕ್ಕೇ ಮೂರನೇ ಡಿಸ್ಕ್ ಒಂದು ಶಿವಮೊಗ್ಗದ ಅಣ್ಣನ ಮನೆಯಲ್ಲಿದೆ. ಅಡಿಕೆ ಮಂಡಿಗೆ ಹೋದಾಗ ತಂದು, ಹೊಸ ಫೈಲ್‌ಗಳನ್ನು ತುಂಬಿ, ಮುಂದಿನ ಸಲ ವಾಪಸ್ ಕೊಡುತ್ತೇನೆ. ಸುಮ್ನೆ ಕೂತ ಡಿಸ್ಕ್‌ಗೇ ಥಂಡಿಯ ಭಯ ಜಾಸ್ತಿ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು. ಓಡುವ ಸರ್ವರ್ ತನ್ನ ಬಿಸಿಗೇ ಒಣಗಿರುತ್ತದೆ. ಅದೇ ಬಿಸಿಗೆ ಹಲ್ಲಿಗಳೂ ಬರುತ್ತವೆ. ಹಿಂದಿನ ತೂತುಗಳಿಗೆ ಸೊಳ್ಳೆ ಬಲೆ ಅಂಟಿಸಿದ್ದೇನೆ, ತಿಂಗಳಿಗೊಮ್ಮೆ ಧೂಳು ಒರೆಸಬೇಕು.

ಜೆಲ್ಲಿಫಿನ್‌ನಲ್ಲಿ ಯಕ್ಷಗಾನವನ್ನು ಸಿನಿಮಾ ವಿಭಾಗಕ್ಕೆ ಹಾಕಬೇಡಿ, ಯಾವುದೋ ಸಿನಿಮಾದ ಪೋಸ್ಟರ್ ತಂದು ಅಂಟಿಸುತ್ತದೆ. ಹೋಮ್ ವಿಡಿಯೊ ಅಂತ ಮಾಡಿದರೆ ಕನ್ನಡದ ಫೈಲ್ ಹೆಸರೇ ಕಾಣುತ್ತದೆ. ಅಮ್ಮ ಈಗ ರಿಮೋಟ್ ಹಿಡಿದು ತಾವೇ ಆಟ ಹುಡುಕಿಕೊಳ್ಳುತ್ತಾರೆ. ಹೋದ ಜುಲೈನಲ್ಲಿ ಐದು ದಿನ ನೆಟ್ ಇರಲಿಲ್ಲ, ರೂಟರ್ ಇನ್ವರ್ಟರ್‌ನಲ್ಲಿ ಇದ್ದದ್ದರಿಂದ ಮನೆಯೊಳಗೆ ಎಲ್ಲ ನಡೆಯಿತು.

ಸರ್ವರ್ ಎಳೆಯುವುದು 30 ವಾಟ್‌ನಷ್ಟು, ತಿಂಗಳಿಗೆ ಸುಮಾರು 22 ಯೂನಿಟ್. ಅಪ್ಪನ ಒಂದು ಟ್ರಂಕ್ ಮುಗಿದಿದೆ. ಎರಡನೆಯದನ್ನು ಈ ಮಳೆಗಾಲದಲ್ಲಿ ಶುರು ಮಾಡುತ್ತೇವೆ.