ಟೆಲಿ-ಲಾ: ನಾಲ್ಕು ವರ್ಷಗಳ ಬಳಕೆಯ ನಂತರ

ದೂರದಿಂದಲೇ ಕಾನೂನು ಸಲಹೆ ಪಡೆಯುವ ಟೆಲಿ-ಲಾ ಸೇವೆಯ ಮೊಬೈಲ್ ಆ್ಯಪ್ ಬಂದದ್ದು 2021ರ ನವೆಂಬರ್‌ನಲ್ಲಿ. ಅದಾದ ಕೆಲವೇ ತಿಂಗಳಿಂದ ನಾನು ಅದನ್ನು ಬಳಸುತ್ತಿದ್ದೇನೆ; ನನಗಾಗಿ ಬಳಸಿದ್ದಕ್ಕಿಂತ ನಮ್ಮ ಸ್ವಸಹಾಯ ಸಂಘದ ಹೆಂಗಸರಿಗಾಗಿ ಬಳಸಿದ್ದೇ ಹೆಚ್ಚು. ಕೇಂದ್ರದ ನ್ಯಾಯ ಇಲಾಖೆಯು 2017ರಲ್ಲಿ ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ ಆರಂಭಿಸಿದ ಈ ಸೇವೆಯಲ್ಲಿ, ಹೆಸರು ನೋಂದಾಯಿಸಿ ತೊಂದರೆ ಏನೆಂದು ತಿಳಿಸಿದರೆ, ಸೇವೆಯ ಪಟ್ಟಿಯಲ್ಲಿರುವ (ಪ್ಯಾನೆಲ್) ವಕೀಲರು ಫೋನಿನಲ್ಲಿ ಅಥವಾ ವಿಡಿಯೊ ಕರೆಯಲ್ಲಿ ಸಲಹೆ ನೀಡುತ್ತಾರೆ. ಆರಂಭದಲ್ಲಿ ಕೆಲವು ವರ್ಗದವರಿಗೆ ಮಾತ್ರ ಉಚಿತವಾಗಿದ್ದು, ಉಳಿದವರು 30 ರೂಪಾಯಿ ಕೊಡಬೇಕಿತ್ತು. ಈಗ ಎಲ್ಲರಿಗೂ ಉಚಿತ.

ಇದರ ಮಹತ್ವ ನನಗೆ ತಿಳಿದದ್ದು ಚಿಕ್ಕಮ್ಮನ ಜಮೀನಿನ ವಿಷಯದಲ್ಲಿ. ಚಿಕ್ಕಪ್ಪ ತೀರಿಕೊಂಡ ಮೇಲೆ ಮೈದುನಂದಿರು ತಮ್ಮಿಬ್ಬರ ಹೆಸರಿಗೆ ಮಾತ್ರ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಿದ್ದರು. ಖಾತೆಯಾದರೆ ಜಮೀನೇ ಹೋಯಿತೆಂದು ಚಿಕ್ಕಮ್ಮ ಊಟ ಬಿಟ್ಟಿದ್ದರು. ನಾನು ಆ್ಯಪಿನಲ್ಲಿ ಅವರ ಹೆಸರು ನೋಂದಾಯಿಸಿದೆ. ಜಗಲಿಯಲ್ಲಿ ಕುಳಿತು ಕರೆ ಸ್ವೀಕರಿಸಿದಾಗ ಟೆಲಿ-ಲಾ ವಕೀಲೆ ಅವಸರಪಡಿಸಲಿಲ್ಲ. "ಪಹಣಿ ಕೈಯಲ್ಲಿದೆಯಾ ಅಮ್ಮಾ? ಒಂಬತ್ತನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ, ಓದಿ" ಎಂದು ಕೇಳಿ, ನಾನು ಓದಿದ್ದನ್ನೆಲ್ಲ ಬರೆದುಕೊಂಡರು. ಖಾತೆ ಕಂದಾಯದ ದಾಖಲೆಯೇ ಹೊರತು ಹಕ್ಕನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯವೆಂದೂ, ಗಂಡನ ಪಾಲಿನಲ್ಲಿ ಹೆಂಡತಿಗೆ ಹಕ್ಕಿದೆಯೆಂದೂ, ಮೊದಲು ನೋಟಿಸಿನ ಅವಧಿಯೊಳಗೆ ತಕರಾರು ಅರ್ಜಿ ಕೊಡಬೇಕೆಂದೂ ಬಿಡಿಸಿ ಹೇಳಿದರು. ಅಂದು ರಾತ್ರಿ ಚಿಕ್ಕಮ್ಮ ಊಟ ಮಾಡಿದರು.

ಆದರೆ ಟೆಲಿ-ಲಾ ದಾವೆಗೆ ಮುಂಚಿನ ಸಲಹೆಗೆ ಸೀಮಿತವಾದದ್ದು. ನ್ಯಾಯಾಲಯದಲ್ಲಿ ನಿಂತು ವಾದಿಸುವ ವಕೀಲರು ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಸಲ್ಲಿಸಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಉಚಿತ ವಕೀಲರನ್ನು ಪಡೆಯಲು ಮಹಿಳೆಯರಿಗೆ ಆದಾಯದ ಮಿತಿಯಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಹೆಂಗಸರು ಪಾಲಿನ ದಾವೆ ಹೂಡಲು ಓಲೆ ಅಡವಿಟ್ಟದ್ದನ್ನು ನಾನು ಕಂಡಿದ್ದೇನೆ. ಚಿಕ್ಕಮ್ಮನಿಗೆ ವಕೀಲರು ಸಿಕ್ಕಿದ್ದು ಹೀಗೆಯೇ. ಈಗ ದಾವೆಯ ಮುಂದಿನ ತಾರೀಖನ್ನು ನ್ಯಾಯಾಲಯಗಳ ಇ-ಕೋರ್ಟ್ಸ್ ಆ್ಯಪಿನಲ್ಲಿ ಸಿಎನ್‌ಆರ್ ಸಂಖ್ಯೆ (ಪ್ರತಿ ಪ್ರಕರಣದ ಗುರುತಿನ ಸಂಖ್ಯೆ) ಹಾಕಿ ನೋಡುತ್ತೇನೆ. ತಾರೀಖು ಕೇಳುವುದಕ್ಕೆಂದೇ ಬಸ್ಸು ಹತ್ತುವುದು ತಪ್ಪಿದೆ.

ನನ್ನ ಮುಖ್ಯ ಆಕ್ಷೇಪ ಗೌಪ್ಯತೆಯದು. ಖಾತೆಯ ಮಾತನ್ನು ಸೇವಾ ಕೇಂದ್ರದ ಸರತಿಯಲ್ಲಿ ನಿಂತವರ ಎದುರು ಆಡಬಹುದು, ಗಂಡನ ಹೊಡೆತದ ಮಾತನ್ನು ಆಡುವುದು ಹೇಗೆ? ಮನೆಯಿಂದಲೇ ಆ್ಯಪ್ ಬಳಸಬಹುದೆಂದರೆ, ಎಷ್ಟೋ ಮನೆಗಳಲ್ಲಿ ಇರುವ ಒಂದೇ ಸ್ಮಾರ್ಟ್‌ಫೋನ್ ಗಂಡನ ಜೇಬಿನಲ್ಲಿರುತ್ತದೆ. ನಮ್ಮ ಸಂಘದ ಒಬ್ಬಾಕೆ ವಕೀಲರೊಂದಿಗೆ ಮಾತನಾಡಿದ್ದು ನನ್ನ ಫೋನಿನಲ್ಲಿ, ನಮ್ಮ ಹಿತ್ತಲಿನಲ್ಲಿ ನಿಂತು. ಒಂದು ಕೇಂದ್ರದಲ್ಲಿ ನೋಂದಣಿಗೆಂದು 200 ರೂಪಾಯಿ ಕೇಳಿದ್ದೂ ಉಂಟು. ಅಂದಿನಿಂದ ಸಂಘದವರ ನೋಂದಣಿಯನ್ನು ನಾನೇ ಮಾಡುತ್ತೇನೆ.

ಹೊಸದಾಗಿ ಬಳಸುವವರು ಪಹಣಿ, ನೋಟಿಸು, ವಂಶವೃಕ್ಷಗಳನ್ನು ಎದುರಿಗಿಟ್ಟುಕೊಂಡು, ಸಿಗ್ನಲ್ ಚೆನ್ನಾಗಿರುವ ಕಡೆ ಕುಳಿತು ಕರೆಗೆ ಕಾಯಿರಿ. ಆ್ಯಪ್ ಬೇಡವೆಂದರೆ 14454ಕ್ಕೆ ಕರೆ ಮಾಡಬಹುದು. ಉಚಿತ ವಕೀಲರ ಬಗ್ಗೆ ವಿಚಾರಿಸಲು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100 ಇದೆ.