ಹಿಮದ ಇಳಿಜಾರಿಗೆ ವಜ್ರಾಕೃತಿಯ ಟ್ರ್ಯಾಕ್ಟರ್ ಚೈನು: ಹಲವು ಚಳಿಗಾಲಗಳ ಬಳಕೆಯ ನಂತರ

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿರುವ ನಮ್ಮ ಮನೆಯಿಂದ ಮುಖ್ಯ ರಸ್ತೆಗೆ ಇಳಿಯುವ ಜಲ್ಲಿ ದಾರಿ ಕಡಿದಾಗಿದೆ, ಸಾಲದ್ದಕ್ಕೆ ಒಂದು ಪಕ್ಕಕ್ಕೆ ವಾಲಿದೆ. ಅದರ ಮೇಲೆ ಬೀಳುವ ಹಿಮವನ್ನು, ಮುಂದೆ ಲೋಡರ್ (ಎತ್ತಿ ಇಳಿಸುವ ಬಕೆಟ್) ಅಳವಡಿಸಿದ ಸಣ್ಣ ಟ್ರ್ಯಾಕ್ಟರಿನಿಂದ ತೆಗೆಯುತ್ತೇನೆ. ಹಿಂದಿನ ಗಾಲಿಗಳಲ್ಲಿರುವುದು 15-19.5 ಅಳತೆಯ ಆರ್4 ಟೈರು. ಅಗಲವಾದ, ಗಟ್ಟಿ ರಬ್ಬರಿನ ಈ ಟೈರು ಮಂಜುಗಡ್ಡೆಯ ಮೇಲೆ ಹಿಡಿತವನ್ನೇ ಕೊಡುವುದಿಲ್ಲ. ಅದಕ್ಕಾಗಿ ಟೈರಿನ ಸುತ್ತ ಚೈನು, ಅಂದರೆ ಸರಪಳಿಗಳ ಹೆಣಿಗೆ, ಸುತ್ತುತ್ತೇನೆ; ಈಗ ಬಳಸುತ್ತಿರುವುದು ವಜ್ರಾಕೃತಿಯದು.

ಟ್ರ್ಯಾಕ್ಟರಿನೊಂದಿಗೇ ಬಂದಿದ್ದ ಏಣಿ ಮಾದರಿಯ ಚೈನನ್ನು ಮೊದಲು ಬಳಸಿದ್ದರಿಂದ ವ್ಯತ್ಯಾಸವನ್ನು ಖಚಿತವಾಗಿ ಹೇಳಬಲ್ಲೆ. ಏಣಿ ಮಾದರಿಯಲ್ಲಿ ಅಡ್ಡ ಸರಪಳಿಗಳು ಏಣಿಯ ಮೆಟ್ಟಿಲುಗಳಂತೆ ಟೈರಿನ ಅಗಲಕ್ಕೆ ಮಲಗಿರುತ್ತವೆ. ಹೀಗಾಗಿ ಹಿಂದೆ ಮುಂದೆ ಚಲಿಸುವಾಗ ಚೆನ್ನಾಗಿ ಕಚ್ಚಿದರೂ ಗಾಲಿ ಪಕ್ಕಕ್ಕೆ ಜಾರಲು ತೊಡಗಿದರೆ ಅವು ಜಾರುವ ದಿಕ್ಕಿಗೇ ಚಾಚಿಕೊಂಡಿರುವುದರಿಂದ ತಡೆಯುವುದಿಲ್ಲ. ವಜ್ರಾಕೃತಿಯ ಹೆಣಿಗೆಯಲ್ಲಿ ಓರೆ ಸರಪಳಿಗಳು ಎರಡೂ ದಿಕ್ಕಿಗೆ ಅಡ್ಡ ಬರುತ್ತವೆ. ವಾಲಿದ ದಾರಿಯಲ್ಲಿ ಅಪಾಯವಿರುವುದು ಪಕ್ಕದ ಜಾರಿಕೆಯಲ್ಲೇ ಆದ್ದರಿಂದ ಬೆಲೆ ಹೆಚ್ಚಾದರೂ ಈ ಆಯ್ಕೆ ಸರಿಯೆಂದು ನನ್ನ ಅಭಿಪ್ರಾಯ. ನಮ್ಮೂರುಗಳಲ್ಲಿ ಗದ್ದೆಗೆ ಇಳಿಯುವ ಟ್ರ್ಯಾಕ್ಟರುಗಳಿಗಿರುವಂಥ, ಎತ್ತರದ ಓರೆ ಪಟ್ಟಿಗಳ ಆರ್1 ಟೈರಿದ್ದವರಿಗಂತೂ ಏಣಿ ಚೈನು ಬೇಡವೇ ಬೇಡ. ಅಡ್ಡ ಸರಪಳಿಗಳು ಪಟ್ಟಿಗಳ ನಡುವಿನ ಸಂದಿಗೆ ಇಳಿದು ನೆಲವನ್ನೇ ಮುಟ್ಟದಂತಾಗುತ್ತವೆ.

ಒಂದೇ ಜೊತೆ ಕೊಳ್ಳುವುದಾದರೆ ಹಿಂದಿನ ಗಾಲಿಗಳಿಗೇ ಹಾಕಬೇಕು. ಸಣ್ಣ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಸಾಮಾನ್ಯವಾಗಿ ಹಿಂದಿನ ಗಾಲಿಗಳಿಗೆ ಮಾತ್ರ ಇರುತ್ತದೆ. ಬಕೆಟ್ ತುಂಬಿಕೊಂಡು ಇಳಿಯುವಾಗ ಭಾರವೆಲ್ಲ ಮುಂದಕ್ಕೆ ಸರಿದು ಆ ಗಾಲಿಗಳೇ ಹಗುರವಾಗುತ್ತವೆ; ಹಾಗಾಗಿ ಹಿಂದೆ ತೂಕ ಕಟ್ಟಿಕೊಂಡು, ನಾಲ್ಕು ಗಾಲಿಗಳ ಡ್ರೈವ್ ಹಾಕಿಕೊಂಡೇ ಇಳಿಯುತ್ತೇನೆ.

ಕೊಳ್ಳುವ ಮೊದಲು ಟೈರಿನಿಂದ ಮಡ್‌ಗಾರ್ಡಿಗೆ ಮತ್ತು ಹಿಂಬದಿಯ ಎತ್ತುವ ತೋಳುಗಳಿಗೆ ಎಷ್ಟು ಅಂತರವಿದೆ ಎಂದು ಅಳೆಯಬೇಕು, ಏಕೆಂದರೆ ಓಡುವಾಗ ಚೈನು ಹೊರಕ್ಕೆ ಉಬ್ಬಿ ಲೋಹಕ್ಕೆ ಉಜ್ಜುತ್ತದೆ. ಟೈರಿನ ಮೇಲೆ ಒಂದೇ ಅಳತೆ ಬರೆದಿದ್ದರೂ ತಯಾರಕರಿಂದ ತಯಾರಕರಿಗೆ ಸುತ್ತಳತೆ ತುಸು ಬೇರೆಯಾಗುವುದುಂಟು.

ನನ್ನ ದೂರು ಚೈನಿನೊಂದಿಗೆ ಬಂದ, ಅದನ್ನು ಟೈರಿಗೆ ಬಿಗಿಯಾಗಿ ಹಿಡಿಯುವ ರಬ್ಬರ್ ಬಿಗಿಪಟ್ಟಿಗಳ ಬಗ್ಗೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಅವು ಮರಗಟ್ಟಿ, ಕೊಕ್ಕೆಯ ಬಳಿ ಬಿರುಕು ಬಿಟ್ಟು, ಕೊನೆಗೆ ಹರಿದವು. ಮಾರಾಟಗಾರರು ಅದು ಸವೆಯುವ ಭಾಗವೆಂದು ಹೇಳಿ ಬದಲಿ ಕೊಡಲಿಲ್ಲ. ಈಗ ಸ್ಪ್ರಿಂಗ್ ಬಿಗಿಗಳನ್ನು ಹಾಕಿದ್ದೇನೆ, ತೊಂದರೆಯಿಲ್ಲ. ಜೋಡಿಸುವಾಗ ಸರಪಳಿಗಳನ್ನು ಸೇರಿಸುವ ಕೊಕ್ಕೆಗಳ ಚೂಪು ತುದಿ ಹೊರಮುಖವಾಗಿರಬೇಕು, ಇಲ್ಲದಿದ್ದರೆ ಟೈರನ್ನು ಕೊರೆಯುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಚೈನು ಬಹಳ ಭಾರವಾಗಿದ್ದು, ಹಾಕಲು ಇಬ್ಬರಿದ್ದರೆ ಒಳ್ಳೆಯದು.

ಸವೆತ ಕಂಡಿರುವುದು ನೆಲ ಮುಟ್ಟುವ ಕೊಂಡಿಗಳಲ್ಲಿ ಮಾತ್ರ. ಪಕ್ಕದ ಸರಪಳಿಗಳು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೂ ಗಟ್ಟಿಯಾಗಿವೆ. ಕೊಂಡಿಗಳ ಮೇಲೆ ವಿ ಆಕಾರದ ಹಲ್ಲು ಬೆಸೆದ ಚೈನುಗಳು ಮಂಜುಗಡ್ಡೆಯನ್ನು ಇನ್ನೂ ಚೆನ್ನಾಗಿ ಕಚ್ಚುತ್ತವಾದರೂ ಡಾಂಬರು, ಕಾಂಕ್ರೀಟನ್ನು ಕೆರೆದುಹಾಕುತ್ತವೆ, ಒಂದು ಬದಿ ಸವೆದಾಗ ತಿರುಗಿಸಿ ಹಾಕಲೂ ಬರುವುದಿಲ್ಲ. ಅಂಗಳ ಸಮತಟ್ಟಾಗಿದ್ದು ಡಾಂಬರು ಹಾಕಿದವರಿಗೆ, ಟೈರು ಆರ್1 ಅಲ್ಲದಿದ್ದರೆ, ಅಡ್ಡ ಸರಪಳಿಗಳು ಹತ್ತಿರ ಹತ್ತಿರವಿರುವ ಏಣಿ ಚೈನೇ ಸಾಕು. ಹಿಮ ಕರಗಿ ದಾರಿ ಕೆಸರಾಗುವ ವಸಂತದ ಆರಂಭದಲ್ಲಿ ಮಾತ್ರ ಯಾವ ಚೈನನ್ನೂ ಬಿಡದೆ ಬಿಚ್ಚಿಡಬೇಕು. ಮೆತ್ತಗಾದ ಜಲ್ಲಿಯನ್ನು ಅದು ಬಗೆದು ಪಕ್ಕಕ್ಕೆ ಎಸೆದುಬಿಡುತ್ತದೆ.