ಬೂಮ್ ಎಳೆಯೋದಾ, ಸೀಟು ಜಾರಿಸೋದಾ?

ಒರಗಿ ಕೂತು ತುಳಿಯುವ ಟ್ರೈಕ್‌ನಲ್ಲಿ, ಅಂದರೆ ಮೂರು ಚಕ್ರದ ಸೈಕಲ್‌ನಲ್ಲಿ, ಸೀಟು ಎತ್ತರಿಸುವ ಮಾತೇ ಇಲ್ಲ. ಪೆಡಲ್ ನಿಮ್ಮಿಂದ ಎಷ್ಟು ದೂರ ಇದೆ ಅನ್ನೋದೇ ಮುಖ್ಯ. ಕೆಲವು ಟ್ರೈಕ್‌ಗಳಲ್ಲಿ ಪೆಡಲ್ ಇರುವ ಮುಂದಿನ ಕೊಳವೆಯನ್ನೇ, ಅಂದರೆ ಬೂಮನ್ನು, ಹಿಂದೆ ಮುಂದೆ ಎಳೆಯಬೇಕು. ಇನ್ನು ಕೆಲವಲ್ಲಿ ಬೂಮ್ ಕದಲುವುದಿಲ್ಲ, ಸೀಟೇ ಫ್ರೇಮ್ ಮೇಲೆ ಜಾರುತ್ತದೆ. ಎರಡನ್ನೂ ಓಡಿಸಿ ನೋಡಿದ್ದೇನೆ, ಎರಡೂ ಮುಂದೆ 2 ಚಕ್ರ, ಹಿಂದೆ 1 ಚಕ್ರ ಇರುವಂಥವು.

ಸುಲಭ ಅಂದರೆ ಸೀಟು ಜಾರಿಸೋದೇ. ಲಿವರ್ ಸಡಿಲಿಸಿ, ಸರಿಸಿ, ಬಿಗಿ ಮಾಡಿದರೆ ಮುಗಿಯಿತು, ಚೈನ್ ಮುಟ್ಟುವ ಕೆಲಸವೇ ಇಲ್ಲ. ಬೂಮ್ ಹಾಗಲ್ಲ. ಬೋಲ್ಟ್ ಸಡಿಲಿಸಿ ಎಳೆಯುವಾಗ ಅದು ತಿರುಗಿಬಿಡುತ್ತದೆ, ಕ್ರ್ಯಾಂಕ್ (ಪೆಡಲ್ ಕೂರಿಸಿರುವ ತೋಳು) ಓರೆಯಾಗದಂತೆ ನೋಡಿಕೊಳ್ಳಬೇಕು. ಚೈನ್ ಮೇಲೊಂದು ಸಾಲು ಕೆಳಗೊಂದು ಸಾಲು ಓಡುತ್ತದಲ್ವಾ, ಹಾಗಾಗಿ ಬೂಮನ್ನು 25 ಮಿ.ಮೀ. ಹೊರಗೆ ತಂದರೆ ಚೈನ್ ಸುಮಾರು 50 ಮಿ.ಮೀ. ಜಾಸ್ತಿ ಬೇಕು, ಅಂದರೆ 4 ಕೊಂಡಿ. ಸಣ್ಣಪುಟ್ಟ ಬದಲಾವಣೆಯನ್ನು ಹಿಂದಿನ ಡಿರೇಲರ್, ಅಂದರೆ ಗೇರ್ ಬದಲಿಸಲು ಚೈನ್ ಸರಿಸುವ ಭಾಗ, ತಾನೇ ಸರಿದೂಗಿಸುತ್ತದೆ.

ಇಷ್ಟಾದರೂ ನನಗೆ ಬೂಮೇ ಇಷ್ಟ. ಸೀಟು ಸರಿದರೆ ಮೈಭಾರವೂ ಸರಿಯುತ್ತದೆ. ತೀರಾ ಮುಂದೆ ಕೂತರೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಹಗುರಾಗುತ್ತದೆ, ಜಲ್ಲಿ ಏರಿನಲ್ಲಿ ಸುಮ್ನೆ ಸುತ್ತುತ್ತದೆ. ತೀರಾ ಹಿಂದಾದರೆ ತಿರುವಿನಲ್ಲಿ ಒಳಗಿನ ಚಕ್ರ ಬೇಗ ಏಳುತ್ತದೆ. ಬೂಮ್ ಎಳೆದಾಗ ಕೂತ ಜಾಗ ಅಲ್ಲೇ ಇರುತ್ತದೆ. ಮನೆಯಲ್ಲಿ ಉದ್ದದವರು, ಗಿಡ್ಡದವರು ಒಂದೇ ಟ್ರೈಕ್ ಓಡಿಸುವುದಾದರೆ ಮಾತ್ರ ಜಾರುವ ಸೀಟೇ ಸರಿ; ಪ್ರತಿ ಸಲ ಚೈನ್ ಬಿಚ್ಚುತ್ತಾ ಕೂರೋಕಾಗುತ್ತಾ?

ಅಳತೆ ನೋಡುವುದು ಎರಡರಲ್ಲೂ ಒಂದೇ. ಸೊಂಟ ಸೀಟಿಗೆ ಒತ್ತಿ, ಹಿಮ್ಮಡಿಯನ್ನು ದೂರದ ಪೆಡಲ್ ಮೇಲಿಟ್ಟರೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟಾಗ ಮಂಡಿ ಸ್ವಲ್ಪ ಬಾಗಿರುತ್ತದೆ. ಮಂಡಿಯ ಮುಂದೆ ನೋವು ಬಂದರೆ ಹೆಚ್ಚಾಗಿ ಪೆಡಲ್ ಹತ್ತಿರವಾಗಿದೆ, ಹಿಂದೆ ಬಂದರೆ ದೂರವಾಗಿದೆ. ಇಲ್ಲಿ ಬೆನ್ನಿಗೆ ಆಸರೆ ಇರುವುದರಿಂದ ಮೈಭಾರಕ್ಕಿಂತ ಜೋರಾಗಿ ಪೆಡಲ್ ಒದೆಯಬಹುದು, ಅದಕ್ಕೇ ಮಂಡಿ ಬೇಗ ದೂರು ಹೇಳುತ್ತದೆ.

ದೂರ ಸರಿಯಿದ್ದೂ ಮಂಡಿ ನೋಯುತ್ತಿದ್ದರೆ ಕ್ರ್ಯಾಂಕ್ ನೋಡಿ. 170 ಮಿ.ಮೀ. ಉದ್ದದ ಕ್ರ್ಯಾಂಕ್ ಬದಲು 155ರದ್ದು ಹಾಕಿದಾಗ ಮಂಡಿ ಮಡಚುವುದು ಕಡಿಮೆಯಾಯಿತು. ಆದರೆ ಪೆಡಲ್ 15 ಮಿ.ಮೀ. ಹತ್ತಿರ ಬರುತ್ತದೆ, ಬೂಮನ್ನು ಅಷ್ಟೇ ಹೊರಗೆ ಎಳೆಯಬೇಕು. ಏರು ಬಂದಾಗ ಗೇರ್ ಒಂದು ಹಂತ ಹಗುರ ಹಾಕಿ, ಬೇಗ ಬೇಗ ತುಳಿಯಿರಿ.